ಸಾಲ್ಮಂಡ್ ಅವರ ತಪ್ಪೇನು?

ಇಂಗ್ಲಿಷ್ ಸಂಗೀತ ರಚನಕಾರ ಎಲ್ಗರ್ ಅವರ ಚೆಲ್ಲೊ ಕನ್ಸರ್ಟೊದ (ಒಬ್ಬ ಚೆಲ್ಲೊ ವಾದಕ ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿ) ಮೊದಲ ಪ್ರದರ್ಶನ ಸೋತಿತೆಂದು ಹೇಳುವ ಲೇಖನವೊಂದು, ಅದರಲ್ಲಿ ಚೆಲ್ಲೊ ನುಡಿಸಿದ ಫೀಲಿಕ್ಸ್ ಸಾಲ್ಮಂಡ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಇದು ಅನ್ಯಾಯ. 1919ರ ಅಕ್ಟೋಬರ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಆದದ್ದಿಷ್ಟು: ಕಾರ್ಯಕ್ರಮದ ಉಳಿದ ಕೃತಿಗಳನ್ನು ನಿರ್ದೇಶಿಸುತ್ತಿದ್ದ ಆಲ್ಬರ್ಟ್ ಕೋಟ್ಸ್, ಎಲ್ಗರ್ ಅವರಿಗೆ ಮೀಸಲಾಗಿದ್ದ ತಾಲೀಮಿನ ಸಮಯವನ್ನೂ ನುಂಗಿದರು. ವಾದ್ಯವೃಂದ ತಡವರಿಸಿತು. ಸಿಟ್ಟಿಗೆದ್ದ ಎಲ್ಗರ್ ಕೃತಿಯನ್ನೇ ಹಿಂಪಡೆಯದಿರಲು ಕಾರಣ, ಅದಕ್ಕಾಗಿ ಅಷ್ಟು ದುಡಿದಿದ್ದ ಸಾಲ್ಮಂಡ್ ಅವರ ಮೇಲಿನ ಗೌರವ.

ಅದೇ ವರ್ಷದ ಮೇ 21ರಂದು ವಿಗ್ಮೋರ್ ಹಾಲ್‌ನಲ್ಲಿ ಎಲ್ಗರ್ ಅವರ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಮತ್ತು ಪಿಯಾನೊ ಕ್ವಿಂಟೆಟ್ (ಅವುಗಳ ಜೊತೆ ಪಿಯಾನೊ ಸೇರಿದ ಕೃತಿ) ಮೊದಲ ಬಾರಿಗೆ ಕೇಳಿಬಂದಾಗಲೂ ಚೆಲ್ಲೊ ಹಿಡಿದಿದ್ದವರು ಇವರೇ. ಜೊತೆಗೆ ವಯಲಿನ್‌ನಲ್ಲಿ ಆಲ್ಬರ್ಟ್ ಸ್ಯಾಮನ್ಸ್ ಇದ್ದರು. ಲೇಖನದಲ್ಲಿ ಇದರ ಸುಳಿವೇ ಇಲ್ಲ! ಕೆಲವೇ ವಾದಕರು ಕೂಡಿ ನುಡಿಸುವ ಇಂತಹ ಚೇಂಬರ್ ಸಂಗೀತದಲ್ಲಿ ಪಳಗಿದ ಕೈಯೆಂದೇ ಎಲ್ಗರ್ ಈ ಸಾಲ್ಮಂಡ್ ಅವರನ್ನು ನಂಬಿದ್ದರೆಂಬುದು ನನ್ನ ಎಣಿಕೆ.

1922ರಲ್ಲಿ ಅಮೆರಿಕಕ್ಕೆ ಹೋದ ಸಾಲ್ಮಂಡ್ ಮುಂದೆ ಜೂಲಿಯಾರ್ಡ್ ಮತ್ತು ಕರ್ಟಿಸ್ ಸಂಗೀತ ಸಂಸ್ಥೆಗಳಲ್ಲಿ ಕಲಿಸಿದರು. ಲಿಯೊನಾರ್ಡ್ ರೋಸ್, ಬರ್ನಾರ್ಡ್ ಗ್ರೀನ್‌ಹೌಸ್, ಆರ್ಲ್ಯಾಂಡೊ ಕೋಲ್ ಎಂಬ ಚೆಲ್ಲೊ ವಾದಕರು ಸಾಲ್ಮಂಡ್ ಅವರ ಶಿಷ್ಯರು. ಇಂತಹ ಗುರುವಿನ ಬದುಕನ್ನು ಒಂದು ಕೆಟ್ಟ ಸಂಜೆಯಿಂದ ಅಳೆಯುವುದನ್ನು ನಾನು ಒಪ್ಪಲಾರೆ. ಲೇಖಕರು ಆ ಅಧ್ಯಾಪನದ ವರ್ಷಗಳ ಬಗ್ಗೆಯೂ ಬರೆಯಲಿ.