ಮರ ಹತ್ತುವವನ ಸಂಬಳ

ಮೊನ್ನೆ ಪೇಟೆಯಲ್ಲಿ ಸಿಕ್ಕಿದ ಅಡಿಕೆ ತೋಟದ ಧನಿಯೊಬ್ಬರು, "ದಿನಕ್ಕೆ 1,800 ಅಂದ್ರೆ ನೀವು ಮಾಷ್ಟ್ರುಗಳಿಗಿಂತ ಜೋರು ಮಾರಾಯ" ಅಂದರು. ಅಲ್ಲಿ ನನಗೆ ಮಾತು ಬರಲಿಲ್ಲ. ಮನಸ್ಸಿಗೆ ಬಹಳ ಬೇಜಾರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪುತ್ತೂರಿನ ಆಸುಪಾಸಿನಲ್ಲಿ ಅಡಿಕೆ ಮರ ಹತ್ತಲು ಶುರು ಮಾಡಿ ನನಗೆ 22 ವರ್ಷ. ಕೊಳೆರೋಗ ಬಾರದ ಹಾಗೆ ಮಳೆಗೆ ಮುಂಚೆ ಒಂದು ಸಲ ಮದ್ದು ಸಿಂಪಡಿಸಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. ಆಟಿ (ಆಷಾಢ) ತಿಂಗಳಲ್ಲಿ ಮಳೆ ಬಿಡದಿದ್ದರೆ ಮೂರನೆಯದಕ್ಕೂ ಕರೆ ಬರುತ್ತದೆ. ಆದರೆ ಪಾಚಿ ಕಟ್ಟಿದ ಮರಕ್ಕೆ ನಾಲ್ಕು ಬಿಸಿಲು ಬೀಳದೆ ಕಾಲಿಡುವ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ ಹಣ್ಣಡಿಕೆ ಕೊಯ್ಲು. ಎಲ್ಲ ಸೇರಿದರೂ ನನಗೆ ಮರದ ಕೆಲಸ ವರ್ಷಕ್ಕೆ ನೂರಿಪ್ಪತ್ತು ದಿನ ದಾಟುವುದಿಲ್ಲ. ಈಗಲೇ ಮೊಣಕಾಲು ನೋವು ಶುರುವಾಗಿದೆ. 1,800ನ್ನು ಮೂವತ್ತರಿಂದ ಗುಣಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೋದ ವರ್ಷ ನಾನು ಹನ್ನೆರಡು ವರ್ಷ ಮದ್ದು ಸಿಂಪಡಿಸಿದ ತೋಟವೊಂದು ಕೈತಪ್ಪಿತು. ಗುತ್ತಿಗೆಯವನೊಬ್ಬ ಆಳಿಗೆ 1,300ರಂತೆ ಒಪ್ಪಿಕೊಂಡಿದ್ದ. ಸಿಟ್ಟಿನಲ್ಲೇ ನೋಡಲು ಹೋದೆ. ಡ್ರಮ್ಮಿನಲ್ಲಿ ಕೊಳೆರೋಗದ ಮದ್ದು ಬೋರ್ಡೋ ಕಲಸಿ ಇಟ್ಟಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಇದು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳೆಯದಾದರೆ ಅಳತೆ ಕೈಕೊಡುತ್ತದೆ. ನನ್ನ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿದೆ. ತೆಗೆದಾಗ ತಾಮ್ರದ ಕೆಂಪು ಹಿಡಿದಿತ್ತು. ಸುಣ್ಣ ಸಾಲದು ಅಂತ ಅರ್ಥ. ಅಂಥ ಮದ್ದು ಸಿಂಪಡಿಸಿದರೆ ಎಳೆ ಕಾಯಿ, ಸೋಗೆ ಸುಟ್ಟು ಹೋಗುತ್ತದೆ. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲೆ ನೋಡಿದರೆ ಹತ್ತೊಂಬತ್ತು ಇಪ್ಪತ್ತರ ಹುಡುಗ. ಜಾರ್ಖಂಡಿನವನಂತೆ. ಬೆಲ್ಟ್ ಇಲ್ಲ, ಹಗ್ಗ ಇಲ್ಲ, ಹರಿದ ಗೋಣಿಯನ್ನು ಹೊಸೆದು ತಳೆ (ಮರ ಹತ್ತಲು ಕಾಲಿಗೆ ಹಾಕುವ ಬಳೆ) ಮಾಡಿಕೊಂಡಿದ್ದ. ಐವತ್ತು ಅಡಿ ಎತ್ತರದಲ್ಲಿ ಮರ ಬಾಗಿಸಿ ಪಕ್ಕದ ಮರಕ್ಕೆ ಕೈ ಚಾಚಿದಾಗ ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಇಳಿದು ಬಂದ ಮೇಲೆ ನನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದೆ. ಅವನ ಕೈಗೆ ಸಿಗುವುದು 700. ಉಳಿದ 600 ಗುತ್ತಿಗೆಯವನಿಗೆ.

ಧನಿಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಸುಳ್ಯದ ಕಡೆ ಹಳದಿ ರೋಗ ತೋಟಗಳನ್ನೇ ತಿಂದಿದೆ, ಈಗ ಎಲೆಚುಕ್ಕಿ ರೋಗವೂ ಸೇರಿದೆ. ಅಂಥವರ ಹತ್ತಿರ ನಾನು ಯಾವತ್ತೂ ಚೌಕಾಸಿ ಮಾಡಿದವನಲ್ಲ. ಆದರೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 400 ದಾಟಿದಾಗಲೂ ನಮ್ಮ ಸಂಬಳಕ್ಕೆ ಐವತ್ತು ರೂಪಾಯಿ ಸೇರಿಸಲು ಎರಡು ವರ್ಷ ಕಾಯಿಸಿದವರಿದ್ದಾರೆ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದಿರುವುದು ಒಳ್ಳೆಯದೇ, ನೆಲದಲ್ಲಿ ನಿಂತು ಕೆಲಸ ಮಾಡಿದರೆ ಯಾರೂ ಬಿದ್ದು ಸಾಯುವುದಿಲ್ಲ. ಕೆಲಸ ಕಡಿಮೆಯಾದರೂ ಸರಿ. ನನ್ನ ತಕರಾರು ಇರುವುದು, ಮನುಷ್ಯನನ್ನೇ ಮೇಲೆ ಕಳಿಸಿ ಅವನ ಬೆಲ್ಟು, ವಿಮೆಯ ದುಡ್ಡು ಉಳಿಸಿ "ಅಗ್ಗ" ಅನ್ನುವುದಕ್ಕೆ. ಆ ಹುಡುಗ ಬಿದ್ದಿದ್ದರೆ ಅವನ ಮನೆಗೆ ಫೋನು ಮಾಡಲು ನಂಬರು ಕೂಡ ಯಾರ ಹತ್ತಿರವೂ ಇರಲಿಲ್ಲ.

ಅವನೀಗ ನನ್ನ ಜೊತೆ ಇದ್ದಾನೆ. ಚಳಿಗಾಲದ ಕೊಯ್ಲಿನಲ್ಲಿ ಮರ ದಾಟುವುದನ್ನು ಸರಿಯಾಗಿ ಕಲಿತ. ಇಬ್ಬರಿಗೂ ಬೆಲ್ಟ್ ಇದೆ, ಅಪಘಾತ ವಿಮೆ ಮಾಡಿಸಿದ್ದೇನೆ. ಈ ಮೇ ಕೊನೆಯ ಮದ್ದಿಗೆ ಕರೆಯುವವರು ಈಗಲೇ ತಿಳಿಸಿ. ನನಗೆ 1,800, ಅವನಿಗೆ 1,500. ಅವನ ದುಡ್ಡು ಅವನ ಕೈಗೇ ಕೊಡಬೇಕು.