ಎಲೆ ಉದುರಿಸಿಕೊಂಡು ಬರುವ ವಸಂತ

ನಮ್ಮ ಮನೆ ಮುಂದಿನ ಹೊಂಗೆ ಮರ ಎಲೆ ಉದುರಿಸಲು ಶುರು ಮಾಡಿ ಇವತ್ತಿಗೆ ಒಂಬತ್ತು ದಿನ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಳಗೆ ಹೋಗಿ ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ರಂಗೋಲಿ ತುಂಬಾ ಹಳದಿ ಎಲೆ. ಬೀದಿಯವರಿಗೆಲ್ಲ ಇದು ಕಸ. ನನಗೆ ವರ್ಷದಲ್ಲಿ ತುಂಬಾ ಖುಷಿ ಕೊಡುವ ದಿನಗಳು ಇವೇ. ತುಮಕೂರಿನ ನಮ್ಮ ಬೀದಿಗೆ ವಸಂತ ಬರುವುದೇ ಹೀಗೆ, ಎಲೆ ಉದುರಿಸಿಕೊಂಡು.

ಚೈತ್ರ, ವೈಶಾಖ ವಸಂತ ಋತು ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಆದರೆ ಮರಗಳು ಪಂಚಾಂಗ ನೋಡಿ ಚಿಗುರುವುದಿಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಚಂದ್ರನ ಲೆಕ್ಕ ಅದು. ಹಿಂದೆ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮತ್ತೆ ಮುಂದೆ ಹಾರುತ್ತದೆ. ಬೇವಿನ ಮರಕ್ಕೆ ಗೊತ್ತಿರುವುದು ಸೂರ್ಯನ ಲೆಕ್ಕ. ಅದಕ್ಕೇ ಕೆಲವು ವರ್ಷ ಬೇವು-ಬೆಲ್ಲಕ್ಕೆ ಕೈತುಂಬಾ ಹೂ ಸಿಗುತ್ತದೆ, ಕೆಲವು ವರ್ಷ ಮೊಗ್ಗು ಹುಡುಕಿಕೊಂಡು ಎರಡು ಬೀದಿ ಸುತ್ತಬೇಕು.

ನಾನಂತೂ ಸಂಕ್ರಾಂತಿ ಮುಗಿದ ತಕ್ಷಣ ಕಾಯಲು ಕೂರುತ್ತೇನೆ. ಆಗ ಮಾವು ಹೂ ಬಿಟ್ಟಿರುತ್ತದೆ. ಒಂದು ಗೊಂಚಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ನೂರಾರು ಹೂ, ಕೆಲವೊಮ್ಮೆ ಸಾವಿರಕ್ಕೂ ಜಾಸ್ತಿ. ಅದರಲ್ಲಿ ಹೆಚ್ಚಿನವು ಗಂಡು ಹೂ, ಕೊನೆಗೆ ಕಾಯಿಯಾಗಿ ನಿಲ್ಲುವುದು ಬೆರಳೆಣಿಕೆಯಷ್ಟು. ಹೂವಿಂದ ಹೂವಿಗೆ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸುವುದರಲ್ಲಿ ನಾವು ಓಡಿಸುವ ನೊಣಗಳ ಪಾಲು ದೊಡ್ಡದು.

ಆಮೇಲೆ ಕಾಗೆಗಳು. ಕಡ್ಡಿ ಕಚ್ಚಿಕೊಂಡು ಹಾರುವ ಮೊದಲ ಕಾಗೆ ಕಂಡರೆ ಕೋಗಿಲೆಗೆ ಕೆಲಸ ಶುರುವಾಯಿತು ಅಂತ ಲೆಕ್ಕ, ಯಾಕೆಂದರೆ ಅದು ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲೇ. ಕೋಗಿಲೆ ವಸಂತಕ್ಕೆ ಎಲ್ಲಿಂದಲೋ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ, ವರ್ಷಪೂರ್ತಿ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡು ಹಣ್ಣು ತಿನ್ನುತ್ತಾ ಎಲೆಗಳ ಮರೆಯಲ್ಲಿ ಕೂತಿರುತ್ತದೆ, ನಮಗೆ ಕಾಣಿಸುವುದಿಲ್ಲ ಅಷ್ಟೆ. ಕುಹೂ ಅಂತ ಕೂಗುವುದು ಕಪ್ಪು ಗಂಡು. ಚುಕ್ಕಿ ಚುಕ್ಕಿ ಕಂದು ಬಣ್ಣದ ಹೆಣ್ಣು ಕಿಕ್-ಕಿಕ್-ಕಿಕ್ ಅಂತ ಚೀರುತ್ತದೆ, ಅದೂ ಕೋಗಿಲೆಯೇ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಆ ಸುಮಾರಿಗೆ ದೇವರಾಯನದುರ್ಗದ ಕಡೆ ಹೋದರೆ ಮುತ್ತುಗ ನೋಡಬಹುದು. ಮರದಲ್ಲಿ ಒಂದು ಎಲೆ ಇರುವುದಿಲ್ಲ, ಕೊಂಬೆ ತುಂಬಾ ಗಿಣಿ ಕೊಕ್ಕಿನ ಹಾಗೆ ಬಾಗಿದ ಕೆಂಡದ ಬಣ್ಣದ ಹೂ, ತೊಟ್ಟಿನ ಕಡೆ ಕಪ್ಪು ಮಖಮಲ್. ಮೈನಾಗಳು, ಸೂರಕ್ಕಿಗಳು ಮಕರಂದಕ್ಕೆ ಜಗಳ ಆಡುತ್ತಿರುತ್ತವೆ. ಮದುವೆ ಮನೆಯಲ್ಲಿ ಇದೇ ಮರದ ಎಲೆ ಮೇಲೆ ಉಂಡವರು ಹೂವನ್ನು ಒಮ್ಮೆ ನೋಡದೆ ಇರಬಾರದು.

ಆದರೂ ನನ್ನ ಮನಸ್ಸು ನಿಲ್ಲುವುದು ಹೊಂಗೆಯಲ್ಲೇ. ಎಲೆ ಬಿದ್ದ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು ಏಳುತ್ತದೆ. ಎರಡು ಮೂರು ದಿನಕ್ಕೆ ಬಿಚ್ಚಿದರೆ ಒಳಗೆ ಮಡಚಿದ ವೀಳ್ಯದೆಲೆ ಹಾಗೆ ಪುಟ್ಟ ಪುಟ್ಟ ಎಲೆ, ಮೊದಲು ಸ್ವಲ್ಪ ತಾಮ್ರದ ಬಣ್ಣ, ಮುಟ್ಟಿದರೆ ಹಸುಗೂಸಿನ ಕಿವಿಯಷ್ಟು ಮೆತ್ತಗೆ. ವಾರ ಕಳೆಯುವುದರಲ್ಲಿ ಗಿಳಿಹಸಿರು, ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳಪು. ಊರಲ್ಲಿ ಕೆರೆ ಬತ್ತುತ್ತಿರುತ್ತದೆ, ಬೋರ್‌ವೆಲ್ ಕೈಕೊಡುತ್ತಿರುತ್ತದೆ, ಮುಂಗಾರಿಗೆ ಇನ್ನೂ ಮೂರು ತಿಂಗಳು. ಅಂಥ ಹೊತ್ತಲ್ಲಿ ಈ ಮರ ಹಸಿರು ಹೊದ್ದು ನಿಲ್ಲುತ್ತದೆ.

ಮಳೆ ಬರುವ ಮೊದಲೇ ಯಾಕೆ ಚಿಗುರಬೇಕು? ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆ ಕಾಡಿನಲ್ಲಿ ಇದನ್ನೇ ಅಧ್ಯಯನ ಮಾಡಿ, ಆನೆಗಳ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಅವರ ಜೊತೆಗಾರರು 1993ರಲ್ಲಿ ಬರೆದಿದ್ದಾರೆ. ಒಣಗಾಲದಲ್ಲೇ ಚಿಗುರಿದ ಮರಗಳ ಎಲೆಗೆ ಹುಳುಗಳ ಕಾಟ ಕಡಿಮೆ, ಮಳೆಗಾಲದಲ್ಲಿ ತಡವಾಗಿ ಚಿಗುರಿದವಕ್ಕೆ ಜಾಸ್ತಿ. ಮಳೆ ಬಿದ್ದು ಹುಳು ಏಳುವ ಹೊತ್ತಿಗೆ ಎಲೆ ಬಲಿತು ಗಟ್ಟಿಯಾಗಿರುತ್ತದೆ. ಇನ್ನು ಹಳೆ ಎಲೆ ಉದುರಿಸುವುದೂ ಸುಮ್ನೆ ಅಲ್ಲ. ಎಲೆಯಿಂದ ಆವಿಯಾಗಿ ಹೋಗುವ ನೀರು ಉಳಿಯುತ್ತದೆ, ಆಳದ ಬೇರು ತಂದ ನೀರು ಕಾಂಡದಲ್ಲಿ ತುಂಬಿಕೊಳ್ಳುತ್ತದೆ, ಆ ಉಳಿತಾಯದಲ್ಲಿ ಹೊಸ ಎಲೆ ಬರುತ್ತದೆ.

ಇದನ್ನು ಓದಿದ ಮೇಲೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಎರಡು ವರ್ಷದ ಹಿಂದಿನದು ನೆನಪಾಗಿ. ಎಲೆ ಬಿದ್ದು ಬೀದಿ ಗಲೀಜಾಗುತ್ತೆ, ಕೊಂಬೆ ವೈರಿಗೆ ತಾಗುತ್ತೆ ಅಂತ ಯಾರೋ ಹೇಳಿ ಆಚೆ ತಿರುವಿನ ಹೊಂಗೆಯನ್ನು ಇದೇ ಫೆಬ್ರವರಿಯಲ್ಲಿ ಬೋಳಿಸಿದರು. ನಾಲ್ಕು ಕೊಂಬೆ ಸವರಿದ್ದರೆ ಸಾಕಿತ್ತು, ಮೋಟು ಬಿಟ್ಟು ಎಲ್ಲ ಕಡಿದರು. ಮರ ಕೂಡಿಟ್ಟಿದ್ದನ್ನೆಲ್ಲ ಚಿಗುರಿಗೆ ಹಾಕಲು ಹೊರಟಿದ್ದ ವಾರ ಅದು. ಆ ವರ್ಷ ಅಲ್ಲಿ ಹೂ ಇಲ್ಲ, ಜೇನಿನ ಸದ್ದಿಲ್ಲ. ಮಂಡಕ್ಕಿ ಚೆಲ್ಲಿದ ಹಾಗೆ ಹೂ ಬೀಳುತ್ತಿದ್ದ ಜಾಗದಲ್ಲಿ ಬರೀ ಬಿಸಿಲು.

ಎಲೆಗೆ ಬೆಂಕಿ ಹಾಕುವುದು ಇನ್ನೊಂದು. ಸಂಜೆ ಆರಕ್ಕೆ ಮೂಲೆ ಮೂಲೆಯಲ್ಲಿ ಹೊಗೆ, ಮಕ್ಕಳು, ವಯಸ್ಸಾದವರು ಕೆಮ್ಮುತ್ತಾ ಕೂರಬೇಕು. ನಮ್ಮ ಅಜ್ಜಿ ಕಾಲದಲ್ಲಿ ಹೊಂಗೆ ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುತ್ತಿದ್ದರು, ಹಿಂಡಿಯನ್ನೂ ಬಿಡದೆ ಗೊಬ್ಬರ ಮಾಡುತ್ತಿದ್ದರು. ಅದೇ ಎಲೆಗೆ ನಾವು ಕಡ್ಡಿ ಗೀರುತ್ತೇವೆ. ದಯವಿಟ್ಟು ಬೇಡ. ಒಂದು ಮೂಲೆಗೆ ಗುಡಿಸಿ ನೀರು ಚಿಮುಕಿಸಿ ಬಿಡಿ, ಮಳೆಗಾಲ ಕಳೆಯುವ ಹೊತ್ತಿಗೆ ಕಪ್ಪು ಗೊಬ್ಬರ ಆಗಿರುತ್ತದೆ.

ನಾನು ಕಾಂಪೌಂಡ್ ಪಕ್ಕ ಮೊಣಕಾಲುದ್ದ ಗುಂಡಿ ತೋಡಿ ಅದರಲ್ಲೇ ತುಂಬಿಸುತ್ತಿದ್ದೇನೆ. ನಿನ್ನೆ ಪಕ್ಕದ ಮನೆ ಆಂಟಿ, ಪ್ರತಿ ವರ್ಷ ಈ ಮರ ತೆಗೆಸಿ ಅಂತ ಹೇಳುತ್ತಿದ್ದವರು, ಗೋಣಿಚೀಲದ ತುಂಬಾ ಎಲೆ ತಂದು ಗೇಟಿನ ಹತ್ತಿರ ಇಟ್ಟರು. "ನಿಮ್ಮ ಗುಂಡಿಗೆ ಹಾಕ್ಕೊಳ್ಳಿ, ಆದ್ಮೇಲೆ ನನ್ನ ದಾಸವಾಳಕ್ಕೆ ಒಂದು ಬಕೆಟ್ ಕೊಡಿ" ಅಂದರು. ಚೀಲ ಸುರಿಯಲು ಬಗ್ಗಿ ಎದ್ದಾಗ ತಲೆಗೆ ತಾಗಿದ ಕೊಂಬೆಯ ತುದಿಯಲ್ಲಿ ಮೊದಲ ಮೂರು ಎಲೆ ಬಿಚ್ಚಿದ್ದವು.