ಸತ್ಯಾಂಶ: ‘ಗ್ಯಾಸ್ ಇಲ್ಲದ ಟ್ಯಾಂಕ್ ಸಿಡಿಯಲ್ಲ’ ಅನ್ನೋದು ನಿಜವಾ?

‘ಹೊಸ ಗ್ಯಾಸ್ ಟ್ಯಾಂಕ್‌ಗೆ ಬರೀ ಗಾಳಿ ತುಂಬಿ ಟೆಸ್ಟ್ ಮಾಡಿದರೆ ಅಪಾಯವಿಲ್ಲ, ಗಾಳಿಗೆ ಬೆಂಕಿ ಹತ್ತಲ್ಲ’ ಎಂಬ ಮೆಸೇಜ್ ನೋಡಿರಬಹುದು. ಬೆಂಕಿ ಹತ್ತುವುದಿಲ್ಲ, ನಿಜ. ಆದರೆ ಟ್ಯಾಂಕ್ ಸಿಡಿಯಲು ಬೆಂಕಿಯೇ ಬೇಕಿಲ್ಲ.

ಸೂಜಿ ತೆಗೆದ ಹೊಸ ಸಿರಿಂಜ್‌ಗೆ ಗಾಳಿ ಎಳೆದು, ತುದಿಗೆ ಬೆರಳು ಒತ್ತಿ ಹಿಡಿದು ಪಿಸ್ಟನ್ ತಳ್ಳಿ ನೋಡಿ. ಒಳಗೆ ಹೋಗುತ್ತದೆ, ಕೈ ಬಿಟ್ಟರೆ ಚಿಮ್ಮಿ ವಾಪಸ್ ಬರುತ್ತದೆ. ನೀರು ತುಂಬಿ ತಳ್ಳಿದರೆ ಕದಲುವುದೇ ಇಲ್ಲ, ಅಲ್ವಾ? ಗಾಳಿ ಸ್ಪ್ರಿಂಗ್ ಇದ್ದಂತೆ, ಒತ್ತಿದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ನೀರು 100 ಬಾರ್ (ವಾತಾವರಣದ ಒತ್ತಡದ ಸುಮಾರು 100 ಪಟ್ಟು) ಒತ್ತಡದಲ್ಲೂ ಕುಗ್ಗುವುದು ಸುಮಾರು ಅರ್ಧ ಶೇಕಡಾ ಅಷ್ಟೇ. ಹಾಗಾಗಿ ಗಾಳಿಯ ಬದಲು ನೀರು ತುಂಬಿ ಒತ್ತಡ ಕೊಡುವ ಟೆಸ್ಟ್‌ನಲ್ಲಿ ವೆಲ್ಡಿಂಗ್ ಬಿರುಕು ಬಿಟ್ಟರೆ ಒತ್ತಡ ತಟ್ಟನೆ ಇಳಿಯುತ್ತದೆ. ಗಾಳಿಯಾದರೆ ಉಕ್ಕಿನ ತುಂಡುಗಳೇ ಹಾರಬಹುದು.

2009ರ ಫೆಬ್ರುವರಿಯಲ್ಲಿ ಶಾಂಘೈನ ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಟರ್ಮಿನಲ್‌ನಲ್ಲಿ ಪೈಪ್‌ಗಳಿಗೆ ಗಾಳಿ ತುಂಬಿ ಪರೀಕ್ಷಿಸುವಾಗ ಸ್ಫೋಟವಾಯಿತು. ಒಬ್ಬರು ಸತ್ತರು, 15 ಜನ ಗಾಯಗೊಂಡರು. ಒಳಗಿದ್ದದ್ದು ಸುಮ್ನೆ ಗಾಳಿ.

ನೀರಿನ ಟೆಸ್ಟ್‌ನಲ್ಲೂ ಮೇಲ್ಗಡೆ ಉಳಿದ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ನೀರು ಹಾಕಲಾಗದ ಕಡೆ ಗಾಳಿಯೇ ಗತಿಯಾದರೆ, ಒತ್ತಡವನ್ನು ಹಂತಹಂತವಾಗಿ ಏರಿಸಬೇಕು, ಜನರನ್ನು ದೂರ ಕಳಿಸಬೇಕು. ಸೋರಿಕೆ ಹುಡುಕಲು ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವುದು, ಒತ್ತಡವನ್ನು ಟೆಸ್ಟ್ ಮಟ್ಟಕ್ಕಿಂತ ಕೆಳಗೆ (ಪೂರ್ತಿ ಅಲ್ಲ) ಇಳಿಸಿದ ಮೇಲಷ್ಟೇ.